‘ಪ್ಲೆಥೊರಾ’: ಒಂದು ರೋಗದ ಹೆಸರು ಹೊಗಳಿಕೆಯಾದ ಕಥೆ

ಇಂಗ್ಲಿಷ್ ಪತ್ರಿಕೆ ಓದುವ ರೂಢಿಯಿರುವವರಿಗೆ ‘ಪ್ಲೆಥೊರಾ’ ಎಂಬ ಪದ ಹೊಸದೇನಲ್ಲ. ‘ಪ್ಲೆಥೊರಾ ಆಫ್ ಆಪ್ಷನ್ಸ್’, ‘ಪ್ಲೆಥೊರಾ ಆಫ್ ಆಪರ್ಚುನಿಟೀಸ್’ ಎಂದು ಜಾಹೀರಾತುಗಳೂ ಭಾಷಣಕಾರರೂ ಅದನ್ನು ಧಾರಾಳವಾಗಿ ಬಳಸುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪದಪಟ್ಟಿಯಲ್ಲಿ ಅದರ ಎದುರಿಗೆ ‘ಹೇರಳ’, ‘ಸಮೃದ್ಧಿ’ ಎಂಬ ಅರ್ಥಗಳಿರುತ್ತವೆ. ಕೇಳಿದವರಿಗೆ ತುಂಬಿದ ಮನೆ, ತುಂಬಿದ ಕಣಜ ನೆನಪಾಗುವಂಥ ಪದ.

ನನ್ನ ಸಂಶೋಧನೆಯ ಓದಿನಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಗದ್ಯ ಆಗಾಗ ಎದುರಾಗುತ್ತದೆ. ಅಲ್ಲಿ ಇದೇ ಪದಕ್ಕೆ ಬೇರೆಯೇ ಮುಖವಿದೆ. ಅಲ್ಲಿ ಪ್ಲೆಥೊರಾ ಎಂದರೆ ಒಂದು ಕಾಯಿಲೆ. ಮೈಯಲ್ಲಿ ರಕ್ತ ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ ಎಂಬ ರೋಗನಿರ್ಣಯ. ವೈದ್ಯ ಆ ಮಾತು ಹೇಳಿದನೆಂದರೆ ಮುಂದಿನ ಹೆಜ್ಜೆ ಬಹುಮಟ್ಟಿಗೆ ನಿಶ್ಚಿತ: ರೋಗಿಯ ತೋಳಿಗೆ ಪಟ್ಟಿ, ಕೆಳಗೊಂದು ಬಟ್ಟಲು, ವೈದ್ಯನ ಕೈಯಲ್ಲಿ ಲ್ಯಾನ್ಸೆಟ್ ಎಂಬ ಎರಡು ಬದಿಯೂ ಹರಿತವಾದ ಪುಟ್ಟ ಚಾಕು. 1823ರಲ್ಲಿ ಲಂಡನ್ನಿನಲ್ಲಿ ಶುರುವಾಗಿ ಇಂದಿಗೂ ಜಗತ್ತಿನ ಪ್ರಮುಖ ವೈದ್ಯಕೀಯ ಪತ್ರಿಕೆಗಳಲ್ಲೊಂದಾಗಿರುವ ‘ದಿ ಲ್ಯಾನ್ಸೆಟ್’ ತನ್ನ ಹೆಸರಿನಲ್ಲಿ ಈ ಚಾಕುವನ್ನು ಉಳಿಸಿಕೊಂಡಿದೆ.

ಚಾಕು ತರಿಸುತ್ತಿದ್ದ ಪದ ಜಾಹೀರಾತಿನ ಪದವಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ನಿಘಂಟಿನ ಆಚೆಗೆ ಹೋಗಬೇಕಾಗುತ್ತದೆ. ಏಕೆಂದರೆ ಈ ಪದದ ಚರಿತ್ರೆ, ‘ಅತಿಯಾಯಿತು’ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿತ್ತು, ಅವರು ಅದನ್ನು ಯಾವ ಅಳತೆಯಿಂದ ಹೇಳುತ್ತಿದ್ದರು ಎಂಬುದರ ಚರಿತ್ರೆಯೂ ಹೌದು.

ಮೊದಲು ಹುಟ್ಟನ್ನು ನೋಡೋಣ. ಪ್ಲೆಥೊರಾ ಗ್ರೀಕ್ ಮೂಲದ್ದು; ‘ತುಂಬಿರು’ ಎಂಬರ್ಥದ ಕ್ರಿಯಾಪದದಿಂದ ಬಂದು, ತುಂಬುವಿಕೆ, ಭರ್ತಿ ಎಂಬ ಅರ್ಥ ಪಡೆದದ್ದು. ಇದರ ಬೇರು ಇನ್ನೂ ಹಿಂದಕ್ಕೆ, ಇಂಡೋ-ಯುರೋಪಿಯನ್ ಭಾಷೆಗಳ ಸಮಾನ ಮೂಲಕ್ಕೆ ಹೋಗುತ್ತದೆ. ಅದೇ ಬೇರಿನಿಂದ ಲ್ಯಾಟಿನ್ನಿನ ‘ಪ್ಲೇನಸ್’ ಬಂತು. ಅದರ ಬಳಗದಿಂದ ಇಂಗ್ಲಿಷಿನ ‘ಪ್ಲೆಂಟಿ’, ‘ಕಂಪ್ಲೀಟ್’ ಬಂದವು. ಜರ್ಮ್ಯಾನಿಕ್ ಕವಲಿನಲ್ಲಿ ಅದು ‘ಫುಲ್’ ಆಯಿತು. ಸಂಸ್ಕೃತದಲ್ಲಿ ‘ಪೂರ್ಣ’ ಆಯಿತು, ತುಂಬುವುದು ಎಂಬರ್ಥದ ‘ಪೂರಣ’ ಆಯಿತು. ಆ ಪೂರಣ ಕನ್ನಡಕ್ಕೆ ಬಂದಾಗ, ಪಾಲು ಹಾಲಾದಂತೆ, ಪಾವು ಹಾವಾದಂತೆ, ‘ಹೂರಣ’ವಾಯಿತು. ಹಬ್ಬದ ದಿನ ಕಣಕದೊಳಗೆ ನಾವು ತುಂಬುವ ಹೂರಣವೂ ಇಂಗ್ಲಿಷಿನ ಪ್ಲೆಥೊರಾವೂ ದೂರದ ದಾಯಾದಿಗಳು. ಹೂರಣ ಹೆಚ್ಚಾದರೆ ಏನಾಗುತ್ತದೆಂದು ಹೋಳಿಗೆ ಲಟ್ಟಿಸಿದವರಿಗೆ ಗೊತ್ತು: ಕಣಕ ಹರಿದು ಹೂರಣ ಹೊರಗೆ ಬರುತ್ತದೆ. ಪ್ರಾಚೀನ ಗ್ರೀಕ್ ವೈದ್ಯರು ದೇಹದ ಬಗ್ಗೆ ಯೋಚಿಸಿದ್ದೂ ಹೆಚ್ಚುಕಡಿಮೆ ಹೀಗೆಯೇ.

ಕ್ರಿಸ್ತಪೂರ್ವ ಮೂರನೆಯ ಶತಮಾನದ ಎರಾಸಿಸ್ಟ್ರಾಟಸ್ ಎಂಬ ಗ್ರೀಕ್ ವೈದ್ಯ ಪ್ಲೆಥೊರಾವನ್ನು ರೋಗಗಳ ಮುಖ್ಯ ಕಾರಣವೆಂದು ಭಾವಿಸಿದ್ದ. ಅಂಗರಚನೆಯ ಅಧ್ಯಯನದಲ್ಲಿ ಪ್ರಾಚೀನ ಕಾಲದ ದೊಡ್ಡ ಹೆಸರುಗಳಲ್ಲಿ ಅವನದೂ ಒಂದು. ಅವನ ಪ್ರಕಾರ ಅಭಿಧಮನಿಗಳಲ್ಲಿ ಇರುವುದು ರಕ್ತ. ಅಪಧಮನಿಗಳಲ್ಲಿ ಇರುವುದು ರಕ್ತವಲ್ಲ, ಪ್ರಾಣವಾಯುವಿನಂಥ ‘ನ್ಯೂಮಾ’. ತಿಂದ ಆಹಾರ ರಕ್ತವಾಗುತ್ತದೆ. ಮೈ ಬಳಸಿಕೊಳ್ಳುವುದಕ್ಕಿಂತ ಹೆಚ್ಚು ತಿಂದರೆ ಅಭಿಧಮನಿಗಳು ತುಂಬಿ ತುಳುಕುತ್ತವೆ. ರಕ್ತ ತನ್ನದಲ್ಲದ ಅಪಧಮನಿಗೆ ನುಗ್ಗುತ್ತದೆ. ನ್ಯೂಮಾದ ದಾರಿ ಕಟ್ಟಿ ಉರಿಯೂತ, ಜ್ವರ ಹುಟ್ಟುತ್ತವೆ. ಕೆರೆಯ ಕೋಡಿ ಬಿದ್ದು ನೀರು ಪಕ್ಕದ ಹೊಲಕ್ಕೆ ನುಗ್ಗಿದಂತೆ.

ಇಲ್ಲೊಂದು ಸ್ವಾರಸ್ಯವಿದೆ. ಪ್ಲೆಥೊರಾವನ್ನು ಇಷ್ಟು ನಂಬಿದ್ದ ಎರಾಸಿಸ್ಟ್ರಾಟಸ್ ರಕ್ತ ತೆಗೆಯುವುದನ್ನು ಹೆಚ್ಚಾಗಿ ಒಪ್ಪುತ್ತಿರಲಿಲ್ಲ. ಹೆಚ್ಚು ಉಂಡು ಬಂದ ಕಾಯಿಲೆಗೆ ಉಪವಾಸವೇ ಮದ್ದು ಎಂಬುದು ಅವನ ನಿಲುವು. ನಮ್ಮ ಹಿರಿಯರ ‘ಲಂಘನಂ ಪರಮೌಷಧಂ’ ಎಂಬ ಮಾತಿಗೆ ಹತ್ತಿರದ್ದು. ಸುಮಾರು ನಾಲ್ಕು ಶತಮಾನಗಳ ನಂತರ ರೋಮಿಗೆ ಬಂದ ಗ್ಯಾಲೆನ್‌ಗೆ ಇದು ಸಹನೆಯಾಗಲಿಲ್ಲ. ಎರಾಸಿಸ್ಟ್ರಾಟಸ್ ಮತ್ತು ಅವನ ಅನುಯಾಯಿಗಳ ವಿರುದ್ಧ ರಕ್ತಮೋಕ್ಷಣದ ವಿಷಯದಲ್ಲಿ ಪುಸ್ತಕಗಳನ್ನೇ ಬರೆದ. ಹೆಂಗಸರ ಮೈಯಿಂದ ಪ್ರಕೃತಿಯೇ ತಿಂಗಳು ತಿಂಗಳೂ ಹೆಚ್ಚಿನ ರಕ್ತವನ್ನು ಹೊರಹಾಕುತ್ತದಲ್ಲ, ವೈದ್ಯ ಪ್ರಕೃತಿಯ ದಾರಿ ಹಿಡಿದರೆ ತಪ್ಪೇನು ಎಂಬುದು ಅವನ ವಾದಗಳಲ್ಲೊಂದು. ವಾದದಲ್ಲಿ ಗ್ಯಾಲೆನ್ ಗೆದ್ದ. ಅವನ ಗೆಲುವು ಸಾವಿರದ ಐನೂರು ವರ್ಷಗಳಿಗೂ ಮೀರಿ ಬಾಳಿತು.

ಗ್ಯಾಲೆನ್ನನ ಪರಂಪರೆ ಪ್ಲೆಥೊರಾವನ್ನು ಎರಡಾಗಿ ವಿಂಗಡಿಸಿತು. ಒಂದು, ರಕ್ತನಾಳಗಳ ಲೆಕ್ಕದಲ್ಲಿ ಹೆಚ್ಚಾದದ್ದು: ನಾಳಗಳು ಬಿಗಿದು ಉಬ್ಬಿರುತ್ತವೆ, ಮುಖ ಕೆಂಪಾಗಿರುತ್ತದೆ, ಇದು ಕಣ್ಣಿಗೆ ಕಾಣುತ್ತದೆ. ಇನ್ನೊಂದು, ರೋಗಿಯ ಶಕ್ತಿಯ ಲೆಕ್ಕದಲ್ಲಿ ಹೆಚ್ಚಾದದ್ದು: ನಾಳಗಳು ಉಬ್ಬಿರುವುದಿಲ್ಲ, ಆದರೆ ಇರುವ ರಕ್ತವನ್ನು ಹೊರಲು ಆ ಮೈಗೆ ತ್ರಾಣವಿರುವುದಿಲ್ಲ. ಹೊರೆಯೇ ಭಾರವಾಗಿರಬಹುದು, ಅಥವಾ ಹೊರುವವನು ಸೊರಗಿರಬಹುದು. ಯೋಚನೆಯೇನೋ ಸೂಕ್ಷ್ಮವಾದದ್ದೇ. ಆದರೆ ಅದರ ಪರಿಣಾಮವನ್ನು ಗಮನಿಸಿ. ಕೆಂಪು ಮುಖದ ಗಟ್ಟಿಮುಟ್ಟಾದ ಆಳಿಗೂ ರಕ್ತ ಹೆಚ್ಚಾಗಿರಬಹುದು, ಬಿಳಿಚಿಕೊಂಡ ನಿತ್ರಾಣಿಗೂ ರಕ್ತ ಹೆಚ್ಚಾಗಿರಬಹುದು. ಹಾಗಾದರೆ ಯಾರಿಗೆ ಹೆಚ್ಚಾಗಿಲ್ಲ? ರೋಗಿಯ ಮೈಯಲ್ಲಿ ಎಷ್ಟು ರಕ್ತವಿದೆ ಎಂದು ಅಳೆಯುವ ಸಾಧನ ಯಾರ ಬಳಿಯೂ ಇರಲಿಲ್ಲ. ಎಷ್ಟಿದ್ದರೆ ಸರಿ ಎಂಬುದೂ ಗೊತ್ತಿರಲಿಲ್ಲ. ಇದ್ದದ್ದು ಒಂದು ಪದ ಮತ್ತು ಅದನ್ನು ಉಚ್ಚರಿಸುವ ಅಧಿಕಾರ.

1540ರ ದಶಕದಲ್ಲಿ ಈ ಪದ ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದಾಗ ಈ ಹಳೆಯ ಹೊರೆಯನ್ನೆಲ್ಲ ಹೊತ್ತೇ ಬಂತು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಮೈಯಲ್ಲಿ ಸುತ್ತುತ್ತಿರುತ್ತದೆ ಎಂದು ತೋರಿಸಿಕೊಟ್ಟ. ಅಪಧಮನಿಯಲ್ಲಿ ನ್ಯೂಮಾ ಇದೆ, ತುಳುಕಿದ ರಕ್ತ ಅತ್ತ ನುಗ್ಗುತ್ತದೆ ಎಂಬ ಎರಾಸಿಸ್ಟ್ರಾಟಸ್‌ನ ಚಿತ್ರಕ್ಕೆ ಅಲ್ಲಿಗೆ ಪೂರ್ತಿ ತೆರೆ ಬಿತ್ತು. ಆದರೂ ಬಟ್ಟಲು, ಚಾಕು ಅಟ್ಟ ಸೇರಲಿಲ್ಲ. ಹಾರ್ವೆಯೇ ರಕ್ತಮೋಕ್ಷಣವನ್ನು ಒಪ್ಪಿದ್ದ. ಸಿದ್ಧಾಂತ ಬಿದ್ದರೂ ಪದ್ಧತಿ ನಿಂತಿತು.

ಏಕೆ ನಿಂತಿತು? ಅಂದಿನ ವೈದ್ಯರೆಲ್ಲ ಕಟುಕರೆಂದು ಬೈದು ಮುಗಿಸುವುದು ಸುಲಭ. ಆದರೆ ಅವರು ಕಣ್ಣಾರೆ ಕಂಡದ್ದನ್ನು ನಾವೂ ಒಮ್ಮೆ ಕಾಣಬೇಕು. ಜ್ವರದಿಂದ ಮೈ ಕಾದು, ಮುಖ ಕೆಂಪೇರಿ, ನಾಡಿ ಸುತ್ತಿಗೆಯಂತೆ ಬಡಿಯುತ್ತ, ರೋಗಿ ಬಡಬಡಿಸುತ್ತಿದ್ದಾನೆ. ರಕ್ತ ತೆಗೆದೊಡನೆ ಕೆಂಪು ಇಳಿಯುತ್ತದೆ, ನಾಡಿ ಮೆತ್ತಗಾಗುತ್ತದೆ, ಬೆವರು ಒಡೆದು ಮೈ ತಣ್ಣಗಾಗುತ್ತದೆ, ರೋಗಿ ಸುಮ್ಮನೆ ಮಲಗುತ್ತಾನೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದು ಗುಣವಾಗುವ ಲಕ್ಷಣವಲ್ಲ, ನೆತ್ತರು ಕಳೆದುಕೊಂಡ ಮೈಯ ಬಳಲಿಕೆ ಎಂದು ಅಲ್ಲಿ ನಿಂತವರಿಗೆ ತಿಳಿಯುವ ದಾರಿ ಇರಲಿಲ್ಲ. ಬದುಕಿದರೆ ರಕ್ತ ತೆಗೆದದ್ದರಿಂದ ಬದುಕಿದ. ಸತ್ತರೆ ಸಾಕಷ್ಟು ಬೇಗ, ಸಾಕಷ್ಟು ಪ್ರಮಾಣದಲ್ಲಿ ತೆಗೆಯಲಿಲ್ಲ. ಎರಡು ಕಡೆಯಿಂದಲೂ ಸೋಲದ ವಾದ ಇದು.

ಈ ವಾದದ ಬೆಲೆ ಎಷ್ಟೆಂದು ತಿಳಿಯಲು ಅಮೆರಿಕದ ಎರಡು ಘಟನೆಗಳನ್ನು ನೋಡಬಹುದು. 1793ರಲ್ಲಿ ಫಿಲಡೆಲ್ಫಿಯಾ ನಗರಕ್ಕೆ ಹಳದಿ ಜ್ವರ ಬಂತು. ಸುಮಾರು 50,000 ಜನರಿದ್ದ ಊರಿನಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 5,000 ಜನ ಸತ್ತರು. ಅನುಕೂಲವಿದ್ದವರು ಊರು ಬಿಟ್ಟರು. ಬಿಡದೆ ನಿಂತವರಲ್ಲಿ ಡಾಕ್ಟರ್ ಬೆಂಜಮಿನ್ ರಶ್ ಒಬ್ಬ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು, ಗುಲಾಮಗಿರಿಯ ವಿರುದ್ಧ ಬರೆದವನು. ರೋಗಿಗಳ ಮನೆಯಿಂದ ಮನೆಗೆ ಹಗಲೂ ರಾತ್ರಿ ಓಡಾಡಿದ, ತಾನೇ ಜ್ವರ ಹಿಡಿದು ಮಲಗಿದ, ತನಗೂ ಅದೇ ಚಿಕಿತ್ಸೆ ಮಾಡಿಸಿಕೊಂಡ. ಆ ಚಿಕಿತ್ಸೆ ಎಂದರೆ ಬಲವಾದ ಭೇದಿ ಮದ್ದು ಮತ್ತು ಮತ್ತೆ ಮತ್ತೆ ರಕ್ತ ತೆಗೆಯುವುದು. ರಕ್ತನಾಳಗಳ ಮಿತಿಮೀರಿದ ಬಿಗಿತವೇ ಜ್ವರದ ಬೇರು ಎಂಬುದು ಅವನ ಸಿದ್ಧಾಂತ. ಮಾತು ಸ್ವಲ್ಪ ಬೇರೆ, ‘ಅತಿಯನ್ನು ಇಳಿಸು’ ಎಂಬ ತರ್ಕ ಹಳೆಯದೇ. ಮನುಷ್ಯನ ಮೈಯಲ್ಲಿರುವ ರಕ್ತದ ಪ್ರಮಾಣವನ್ನು ಅವನು ನಿಜಕ್ಕಿಂತ ಸುಮಾರು ಎರಡು ಪಟ್ಟು ಎಂದು ನಂಬಿದ್ದ. ಪರೋಪಕಾರಿಯಾದ, ಧೈರ್ಯವಂತನಾದ, ವಿದ್ಯಾವಂತನಾದ ಮನುಷ್ಯ ತಪ್ಪು ಲೆಕ್ಕ ಹಿಡಿದುಕೊಂಡು ರೋಗಿಯ ಹಾಸಿಗೆಯ ಪಕ್ಕ ಕೂತಿದ್ದ.

ಎರಡನೆಯದು 1799ರ ಡಿಸೆಂಬರ್ 14. ಹಿಮ, ಮಳೆಯಲ್ಲಿ ಕುದುರೆ ಸವಾರಿ ಮಾಡಿ ಬಂದಿದ್ದ ಜಾರ್ಜ್ ವಾಷಿಂಗ್ಟನ್ ಅಂದು ನಸುಕಿಗೂ ಮೊದಲೇ ಗಂಟಲು ಕಟ್ಟಿ ಉಸಿರಾಡಲಾಗದೆ ಎದ್ದ. ವೈದ್ಯರು ಬರುವ ಮೊದಲೇ ತೋಟದ ಮೇಲ್ವಿಚಾರಕನನ್ನು ಕರೆಸಿ ರಕ್ತ ತೆಗೆಸಿಕೊಂಡ. ಆತ ಕೈ ನಡುಗಿಸಿದಾಗ ಹೆದರಬೇಡ ಎಂದು ಧೈರ್ಯ ಹೇಳಿದವನು ವಾಷಿಂಗ್ಟನ್ನನೇ. ಅಷ್ಟು ತೆಗೆಯಬೇಡಿ ಎಂದು ತಡೆಯಲು ನೋಡಿದವಳು ಹೆಂಡತಿ ಮಾರ್ಥಾ. ಆಮೇಲೆ ಮೂವರು ವೈದ್ಯರು ಬಂದರು. ಒಂದೇ ದಿನದಲ್ಲಿ ನಾಲ್ಕು ಸಲ, ಒಟ್ಟು ಸುಮಾರು 80 ಔನ್ಸ್, ಅಂದರೆ ಎರಡು ಲೀಟರಿಗೂ ಹೆಚ್ಚು ರಕ್ತ ಹೋಯಿತು ಎಂಬುದು ಇತಿಹಾಸಕಾರರ ಲೆಕ್ಕ. ಮೂವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಎಲಿಶಾ ಡಿಕ್, ಇನ್ನು ರಕ್ತ ತೆಗೆಯುವುದು ಬೇಡ, ರೋಗಿಗೆ ಶಕ್ತಿ ಬೇಕಿದೆ ಎಂದ. ಹಿರಿಯರು ಒಪ್ಪಲಿಲ್ಲ. ಆ ರಾತ್ರಿ ಹತ್ತು ಗಂಟೆಯ ನಂತರ 67 ವರ್ಷದ ವಾಷಿಂಗ್ಟನ್ ತೀರಿಕೊಂಡ. ಗಂಟಲಿನ ಸೋಂಕೇ ಅವನನ್ನು ಕೊಂದಿರಬಹುದು; ಮೈಯ ರಕ್ತದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಕಳೆದುಕೊಂಡದ್ದು ಅವನಿಗೆ ನೆರವಾಗಲಿಲ್ಲ ಎಂದಂತೂ ಹೇಳಬಹುದು.

ಅದೇ ದಿನ ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ರಶ್‌ನ ಚಿಕಿತ್ಸೆ ಜನರನ್ನು ಕೊಲ್ಲುತ್ತಿದೆ ಎಂದು ಪತ್ರಕರ್ತ ವಿಲಿಯಂ ಕಾಬೆಟ್ ತನ್ನ ಪತ್ರಿಕೆಯಲ್ಲಿ ಲೇವಡಿ ಮಾಡಿ ಬರೆದಿದ್ದ. ಊರಿನ ಸಾವಿನ ಪಟ್ಟಿಗಳನ್ನೂ ಮುಂದಿಟ್ಟಿದ್ದ. ರಶ್ ಮಾನನಷ್ಟ ಮೊಕದ್ದಮೆ ಹೂಡಿದ್ದ. 1799ರ ಡಿಸೆಂಬರ್ 14ರಂದೇ ತೀರ್ಪು ಬಂತು: ಕಾಬೆಟ್ 5,000 ಡಾಲರ್ ದಂಡ ತೆರಬೇಕು. ಕಾಬೆಟ್ ಸಭ್ಯ ಟೀಕಾಕಾರನೇನಲ್ಲ, ರಾಜಕೀಯ ದ್ವೇಷವೂ ಅವನ ಬರಹದಲ್ಲಿತ್ತು. ಆದರೂ ವೈದ್ಯನ ಖ್ಯಾತಿಯ ಎದುರು ಸಾವಿನ ಲೆಕ್ಕ ಹಿಡಿದವನು ಅಂದು ಸೋತ.

ಲೆಕ್ಕ ಗೆಲ್ಲಲು ಇನ್ನೂ ಕೆಲವು ದಶಕ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೂಸೆ ಬಹುತೇಕ ಎಲ್ಲ ಜ್ವರಕ್ಕೂ ಒಳಗಿನ ಉರಿಯೂತವೇ ಕಾರಣವೆಂದು ಹೇಳಿ ಜಿಗಣೆ ಹಚ್ಚಿಸುತ್ತಿದ್ದ. 1833ರಲ್ಲಿ ಒಂದೇ ವರ್ಷ ಫ್ರಾನ್ಸ್ ಹೊರದೇಶಗಳಿಂದ ತರಿಸಿಕೊಂಡ ಜಿಗಣೆಗಳ ಸಂಖ್ಯೆ ನಾಲ್ಕು ಕೋಟಿಗೂ ಹೆಚ್ಚು. ಅದೇ ಊರಿನಲ್ಲಿ ಪಿಯರ್ ಲೂಯಿ ಎಂಬ ಇನ್ನೊಬ್ಬ ವೈದ್ಯ ಸದ್ದಿಲ್ಲದೆ ಬೇರೊಂದು ಕೆಲಸ ಮಾಡಿದ. ನ್ಯುಮೋನಿಯಾ ಬರುವ ಮೊದಲು ಆರೋಗ್ಯವಾಗಿದ್ದ 77 ರೋಗಿಗಳನ್ನು ಆರಿಸಿಕೊಂಡ. ಕಾಯಿಲೆ ಶುರುವಾದ ಮೊದಲ ನಾಲ್ಕು ದಿನದೊಳಗೆ ರಕ್ತ ತೆಗೆಸಿಕೊಂಡವರು 41 ಜನ; ಅವರಲ್ಲಿ 18 ಮಂದಿ ಸತ್ತಿದ್ದರು. ಐದರಿಂದ ಒಂಬತ್ತನೆಯ ದಿನದ ನಡುವೆ ತೆಗೆಸಿಕೊಂಡವರು 36 ಜನ; ಅವರಲ್ಲಿ 9 ಮಂದಿ ಸತ್ತಿದ್ದರು. ಬೇಗ ತೆಗೆದಷ್ಟೂ ಒಳ್ಳೆಯದು ಎಂಬ ನಂಬಿಕೆಯ ಎದುರಿಗೆ ಶೇಕಡಾ 44 ಮತ್ತು ಶೇಕಡಾ 25 ಎಂಬ ಎರಡು ಅಂಕಿಗಳು ನಿಂತವು.

ಲೂಯಿ ರಕ್ತಮೋಕ್ಷಣವನ್ನು ಪೂರ್ತಿ ತಳ್ಳಿಹಾಕಲಿಲ್ಲ. ಬೇಗ ತೆಗೆಸಿಕೊಂಡವರಲ್ಲಿ ಬದುಕಿದವರು ಎರಡು ಮೂರು ದಿನ ಮೊದಲು ಚೇತರಿಸಿಕೊಂಡದ್ದನ್ನೂ ಅವನ ಲೆಕ್ಕವೇ ತೋರಿಸಿತ್ತು. ರಕ್ತ ತೆಗೆಯುವುದರಿಂದ ಆಗುವ ಉಪಕಾರ ಜನ ನಂಬಿರುವುದಕ್ಕಿಂತ ತೀರ ಕಡಿಮೆ, ಇಷ್ಟೇ ಅವನ ಮಾತು. ಇಂದಿನ ಕಣ್ಣಿಗೆ ಅವನ ಅಧ್ಯಯನ ಚಿಕ್ಕದು, ಕೊರತೆಗಳೂ ಇವೆ. ಆದರೆ ಅವನು ಕೇಳಿದ ಪ್ರಶ್ನೆ ಹೊಸದು. ‘ಈ ರೋಗಿಗೆ ರಕ್ತ ಹೆಚ್ಚಾಗಿದೆಯೇ’ ಎಂದು ಕೇಳುವ ಬದಲು ‘ತೆಗೆದವರಲ್ಲಿ ಎಷ್ಟು ಜನ ಉಳಿದರು’ ಎಂದು ಕೇಳಿದ. 1837ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯಲ್ಲಿ, ವೈದ್ಯಕೀಯಕ್ಕೆ ಇಂಥ ಲೆಕ್ಕ ಸಲ್ಲುತ್ತದೆಯೇ ಎಂಬ ದೊಡ್ಡ ಚರ್ಚೆಯೇ ನಡೆಯಿತು. ಪ್ರತಿಯೊಬ್ಬ ರೋಗಿಯೂ ಬೇರೆ, ಮನುಷ್ಯರನ್ನು ಕೂಡಿಸಿ ಕಳೆಯಬಹುದೇ ಎಂಬ ಆಕ್ಷೇಪ ಬಂತು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಪ್ರತಿಯೊಬ್ಬ ರೋಗಿಯೂ ಬೇರೆ ಎಂದವರೇ ಎಲ್ಲರ ತೋಳಿಗೂ ಒಂದೇ ಚಾಕು ಇಡುತ್ತಿದ್ದರಲ್ಲ.

ಪದದ ಕಡೆಗೆ ಮರಳೋಣ. ‘ಯಾವುದೇ ವಿಷಯದಲ್ಲಿ ಅತಿಯಾದ ತುಂಬುವಿಕೆ’ ಎಂಬ ಆಲಂಕಾರಿಕ ಅರ್ಥ ಇಂಗ್ಲಿಷಿನಲ್ಲಿ 1700ರ ಹೊತ್ತಿಗೇ ಇತ್ತು. ಆದರೆ ಬಹುಕಾಲ ಆ ಅಲಂಕಾರಕ್ಕೆ ಔಷಧಿಯ ವಾಸನೆ ಅಂಟಿಕೊಂಡಿತ್ತು. ಮಾರ್ಕ್ಸ್‌ನ ‘ಬಂಡವಾಳ’ದ ಮೂರನೆಯ ಸಂಪುಟ ಅವನು ಸತ್ತ ಮೇಲೆ, 1894ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಂಡವಾಳದ ಪ್ಲೆಥೊರಾ ಎಂಬ ಮಾತು ಬರುತ್ತದೆ. ಅಲ್ಲಿ ಅದು ಸಮೃದ್ಧಿಯ ಹೊಗಳಿಕೆಯಲ್ಲ. ಲಾಭದಾಯಕವಾಗಿ ಹೂಡಲು ಜಾಗ ಸಿಗದ ಬಂಡವಾಳ ವ್ಯವಸ್ಥೆಯ ಮೈಯಲ್ಲಿ ಕಟ್ಟಿಕೊಂಡ ಸ್ಥಿತಿ. ಮುಂದೆ ವೈದ್ಯರು ಆ ರೋಗವನ್ನು ಕೈಬಿಡುತ್ತ ಬಂದಂತೆ ಪದದ ಕುತ್ತಿಗೆಯಿಂದ ರೋಗದ ಚೀಟಿ ಕಳಚಿತು. ‘ಅತಿ’ ಉದುರಿ ‘ಬಹಳ’ ಮಾತ್ರ ಉಳಿಯಿತು. ‘ಬೇಕಾದ್ದಕ್ಕಿಂತ ಹೆಚ್ಚು’ ಎಂಬಲ್ಲಿ ಮಾತ್ರ ಇದನ್ನು ಬಳಸಬೇಕು ಎನ್ನುವ ಕಟ್ಟುನಿಟ್ಟಿನ ಸಂಪಾದಕರು ಇಂಗ್ಲಿಷಿನಲ್ಲಿ ಇಂದಿಗೂ ಇದ್ದಾರೆ. ಜನ ಅವರ ಮಾತು ಕೇಳುತ್ತಿಲ್ಲ.

ಇದೇ ಭಾಷೆಯಲ್ಲಿ ಇನ್ನೊಂದು ಪದ ಸರಿಯಾಗಿ ಎದುರು ದಿಕ್ಕಿನಲ್ಲಿ ನಡೆದಿದೆ. ದುಃಖಿ ಎಂಬರ್ಥದ ‘ಸ್ಯಾಡ್’ ಹಳೆಯ ಇಂಗ್ಲಿಷಿನಲ್ಲಿ ಹೊಟ್ಟೆ ತುಂಬಿದವನು, ತಣಿದವನು ಎಂಬರ್ಥ ಕೊಡುತ್ತಿತ್ತು. ‘ಸ್ಯಾಟಿಸ್ಫೈ’ ಪದದ ಬಳಗದ್ದೇ ಅದು. ತಣಿದವನು ಭಾರವಾದ, ಭಾರವಾದವನು ಗಂಭೀರನಾದ, ಗಂಭೀರನಾದವನು ಕೊನೆಗೆ ದುಃಖಿಯಾದ. ತೃಪ್ತಿಯ ಪದ ದುಃಖಕ್ಕೆ ಹೋಯಿತು, ರೋಗದ ಪದ ಸಂಭ್ರಮಕ್ಕೆ ಬಂತು. ನಮ್ಮ ‘ಅತಿಶಯ’ವನ್ನೂ ಇಲ್ಲಿ ನೆನೆಯಬಹುದು. ಮಿತಿ ದಾಟಿದ್ದು ಎಂಬ ಮೂಲದಿಂದ ಹೊರಟು ಅದು ‘ಅತಿಶಯದ ರೂಪ’ ಎಂಬ ಮೆಚ್ಚುಗೆಗೆ ಬಂದಿದೆ. ತುಂಬುವುದು ಮತ್ತು ತುಳುಕುವುದರ ನಡುವಿನ ಗೆರೆ ಎಲ್ಲ ಭಾಷೆಗಳಲ್ಲೂ ತೆಳುವೇ.

ಇಷ್ಟು ಓದಿದ ಮೇಲೆ ಕೆಲವರಿಗೆ ನಮ್ಮ ಆಯುರ್ವೇದದ ನೆನಪು ಬಂದಿರಬಹುದು. ಸುಶ್ರುತ ಸಂಹಿತೆಯಲ್ಲಿಯೂ ರಕ್ತಮೋಕ್ಷಣವಿದೆ, ಜಿಗಣೆಗಳಿಗೇ ಮೀಸಲಾದ ಅಧ್ಯಾಯವಿದೆ. ನನಗೆ ಮುಖ್ಯವೆನಿಸುವುದು ಅದರ ಶಾರೀರಸ್ಥಾನದಲ್ಲಿ ಬರುವ ಒಂದು ಮಿತಿ: ಬಲವಂತನಾದ, ವಯಸ್ಕನಾದ, ದೋಷ ಹೆಚ್ಚಿರುವ ರೋಗಿಯಿಂದಲೂ ಗರಿಷ್ಠವೆಂದರೆ ಒಂದು ‘ಪ್ರಸ್ಥ’ದಷ್ಟೇ ತೆಗೆಯಬೇಕು. ಪ್ರಸ್ಥ ಎಂಬುದು ಒಂದು ಅಳತೆ. ಇದನ್ನು ಹಿಡಿದು ನಾವು ಎಲ್ಲ ಮೊದಲೇ ಕಂಡುಕೊಂಡಿದ್ದೆವು ಎಂದು ಬೀಗಲು ನಾನು ಸಿದ್ಧಳಿಲ್ಲ. ಎಷ್ಟಕ್ಕೆ ನಿಲ್ಲಿಸಬೇಕು ಎಂಬುದು ಒಂದು ಪ್ರಶ್ನೆ, ತೆಗೆದದ್ದರಿಂದ ಗುಣವಾಯಿತೇ ಎಂಬುದು ಇನ್ನೊಂದು. ಆದರೂ ವೈದ್ಯನ ಕೈಗೆ ಚಾಕು ಕೊಟ್ಟ ಶಾಸ್ತ್ರವೇ ಜೊತೆಗೆ ಒಂದು ಅಳತೆಯ ಪಾತ್ರೆಯನ್ನೂ ಕೊಟ್ಟದ್ದು ವಿವೇಕದ ಮಾತು.

ಪ್ಲೆಥೊರಾ ವೈದ್ಯಕೀಯದಿಂದ ಪೂರ್ತಿ ಮರೆಯಾಗಿದೆ ಎಂದುಕೊಳ್ಳಬೇಡಿ. ಕೆಲವು ಕಾಯಿಲೆಗಳಲ್ಲಿ ರೋಗಿಯ ಮುಖ ಕೆಂಪಗೆ ತುಂಬಿಕೊಂಡಿರುವುದಕ್ಕೆ ವೈದ್ಯರು ಇಂದಿಗೂ ಇದೇ ಪದ ಬಳಸುತ್ತಾರೆ. ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆ ಅವುಗಳಲ್ಲೊಂದು. 1892ರಲ್ಲಿ ಫ್ರಾನ್ಸಿನ ವಾಕೇ, 1903ರಲ್ಲಿ ಆಸ್ಲರ್ ಇದನ್ನು ವಿವರಿಸಿದರು. ಇದರಲ್ಲಿ ಅಸ್ಥಿಮಜ್ಜೆ ಕೆಂಪು ರಕ್ತಕಣಗಳನ್ನು ಮಿತಿಮೀರಿ ಉತ್ಪಾದಿಸುತ್ತದೆ; ರಕ್ತ ಮಂದವಾಗಿ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಇದಕ್ಕೆ ಇವತ್ತಿಗೂ ಮುಖ್ಯ ಚಿಕಿತ್ಸೆಗಳಲ್ಲೊಂದು ಯಾವುದು ಗೊತ್ತೇ? ರಕ್ತ ತೆಗೆಯುವುದು! ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ 45ಕ್ಕಿಂತ ಕೆಳಗಿರಬೇಕು ಎಂಬುದು ಗುರಿ. ಹಾಗೆ ಇಟ್ಟವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ತೊಂದರೆಗಳು ಕಡಿಮೆ ಎಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ರೋಗಿಗಳನ್ನು ಹೋಲಿಸಿ ತೋರಿಸಿದೆ.

ಅಂದರೆ ಎರಡು ಸಾವಿರ ವರ್ಷ ಕೆಡುಕು ಮಾಡಿದ್ದು ಚಾಕು ಮಾತ್ರವಲ್ಲ, ‘ಅತಿ’ ಎಂಬ ಕಲ್ಪನೆಯೂ ಅಲ್ಲ. ಅತಿ ನಿಜವಾಗಿಯೂ ಇರುತ್ತದೆ, ಅಮೃತವೂ ಅತಿಯಾದರೆ ವಿಷ ಎಂದು ನಮ್ಮ ಗಾದೆಯೇ ಹೇಳುತ್ತದೆ. ಕೆಡುಕು ಮಾಡಿದ್ದು ಅಳತೆಯಿಲ್ಲದ ಅತಿ. ಎಷ್ಟಿದೆ, ಎಷ್ಟಿರಬೇಕು, ಇಳಿಸಿದರೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದಾಗ ‘ಅತಿಯಾಯಿತು’ ಎಂಬುದು ರೋಗನಿರ್ಣಯವಲ್ಲ, ತೀರ್ಪು. ಆ ತೀರ್ಪು ಕೊಡುವವರು ರಶ್‌ನಂಥ ಒಳ್ಳೆಯ ಮನುಷ್ಯರಾಗಿದ್ದರೂ ರೋಗಿ ಉಳಿಯುವುದಿಲ್ಲ. ಇಂದು ಈ ಊರಿನಲ್ಲಿ ಜನ ಹೆಚ್ಚಾದರು, ಹೊರಗಿನವರು ಹೆಚ್ಚಾದರು, ಓದಿದವರು ಹೆಚ್ಚಾದರು, ಸಬ್ಸಿಡಿ ಹೆಚ್ಚಾಯಿತು ಎಂಬ ಮಾತುಗಳು ದಿನವೂ ಕಿವಿಗೆ ಬೀಳುತ್ತವೆ. ಅವುಗಳಲ್ಲಿ ಕೆಲವು ನಿಜವಿರಬಹುದು. ಆದರೆ ಆ ಮಾತು ಆಡಿದವರ ಕೈಯಲ್ಲಿ ಪ್ರಸ್ಥವಿದೆಯೇ, ಬರೀ ಲ್ಯಾನ್ಸೆಟ್ ಇದೆಯೇ ಎಂದು ಒಮ್ಮೆ ನೋಡಬೇಕು.